ಮಗು ಮುಟ್ಟಬಹುದಾದ ಗೋದಲಿ: ಮೊದಲ ಕ್ರಿಸ್‌ಮಸ್‌ಗಾಗಿ ಮಾಡಿದ ಮರಗೆಲಸದ ದಾಖಲೆ

ಯೇಸುವಿನ ಜನನದ ದೃಶ್ಯವನ್ನು ತೋರಿಸುವ ನಮ್ಮ ಮನೆಯ ಗೋದಲಿ ಇದುವರೆಗೆ ಪ್ರತಿ ಡಿಸೆಂಬರಿನಲ್ಲಿಯೂ ಎದೆಯೆತ್ತರದ ಮೇಜಿನ ಮೇಲೆ ನಿಲ್ಲುತ್ತಿತ್ತು. ಬೈಹುಲ್ಲಿನ ಮಾಡು (ಚಾವಣಿ), ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಗೊಂಬೆಗಳು, ಕನ್ನಡಿ ಚೂರಿನ ಕೆರೆ, ಬಣ್ಣದ ಗಾಜಿನ ಗುಂಡುಗಳು, ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿದ ಸೀರಿಯಲ್ ಲೈಟು: ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸಜ್ಜು ಇದು. ಮುಟ್ಟುವವರು ಯಾರೂ ಇಲ್ಲದ ಮನೆಯಾದ್ದರಿಂದ ಅದಕ್ಕೆ ವರ್ಷದಿಂದ ವರ್ಷಕ್ಕೆ ಒಂದು ಗೀರೂ ಬೀಳಲಿಲ್ಲ. 2024ರ ಆಗಮನ ಕಾಲ (ಕ್ರಿಸ್‌ಮಸ್‌ಗೆ ಸಿದ್ಧವಾಗುವ ವಾರಗಳು) ಆರಂಭವಾಗುವ ಹೊತ್ತಿಗೆ ಮನೆಯಲ್ಲಿ ಹತ್ತು ತಿಂಗಳ ಮಗಳಿದ್ದಳು. ಅಂಬೆಗಾಲಿಟ್ಟು ಕೋಣೆಯಿಂದ ಕೋಣೆಗೆ ಹೋಗುವ, ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲುವ, ಕೈಗೆ ಬಂದದ್ದನ್ನೆಲ್ಲ ಮೊದಲು ಬಾಯಿಗೆ ಒಯ್ಯುವ ಪ್ರಾಯ ಅದು.

ಗೋದಲಿಯನ್ನು ಇನ್ನಷ್ಟು ಮೇಲಕ್ಕೆ, ಕಪಾಟಿನ ತಲೆಯ ಮೇಲೆ ಇಟ್ಟುಬಿಡಿ ಎಂದು ಬಂಧುಗಳೆಲ್ಲ ಹೇಳಿದರು. ಅದು ಸುಲಭದ ದಾರಿಯೇ ಹೌದು. ಆದರೆ ಮೊದಲು ಆಸ್ಪತ್ರೆಗಳ ಬೆಂಚಿನಲ್ಲಿ, ಆಮೇಲೆ ದತ್ತು ಸ್ವೀಕಾರದ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾದು ಪಡೆದ ಮಗುವಿಗೆ ಮೊದಲ ಹಬ್ಬದಲ್ಲಿಯೇ ಎಲ್ಲವನ್ನೂ ದೂರದಿಂದ ತೋರಿಸುವುದು ನನಗಾಗಲಿ ನನ್ನ ಹೆಂಡತಿಗಾಗಲಿ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಗೋದಲಿ ನೆಲದ ಮೇಲಿರಬೇಕು, ಅವಳು ಅದನ್ನು ಹಿಡಿಯಬಹುದು, ಎಳೆಯಬಹುದು, ಎಸೆಯಬಹುದು, ಕಚ್ಚಬಹುದು. ಹಾಗೆಲ್ಲ ಮಾಡಿದರೂ ಅವಳಿಗೆ ಅಪಾಯವಾಗಬಾರದು ಎಂಬ ಷರತ್ತನ್ನು ಮೊದಲೇ ಹಾಕಿಕೊಂಡು ಕೆಲಸಕ್ಕೆ ಇಳಿದೆ. ಮುಂದೆ ಬರೆದಿರುವ ಪ್ರತಿಯೊಂದು ಅಳತೆಯೂ ಈ ಷರತ್ತಿನಿಂದಲೇ ಹುಟ್ಟಿದ್ದು.

ಹಳೆಯ ಸಾಮಾನಿನ ಪರಿಶೀಲನೆ

ಮೊದಲು ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ಒಂದೊಂದನ್ನೇ ನೋಡಿದೆವು. ಗಾಜಿನ ಗುಂಡು ಮತ್ತು ಕನ್ನಡಿಯ ವಿಷಯದಲ್ಲಿ ಯೋಚಿಸುವುದಕ್ಕೆ ಏನೂ ಇರಲಿಲ್ಲ. ಗೊಂಬೆಗಳು ನನ್ನ ತಂದೆಯ ಕಾಲದವು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸುವ ನಿಯಮ 2016ರಲ್ಲಿ ಹೊರಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕಿಂತ ಹಿಂದಿನ ಕೆಂಪು, ಹಳದಿ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆ ದೊಡ್ಡದು. ಪ್ಲಾಸ್ಟರ್ ಉದುರುವಾಗ ಬಣ್ಣದ ಹಕ್ಕಳೆಯೂ ಅದರೊಂದಿಗೆ ಉದುರುತ್ತದೆ. ಅವುಗಳನ್ನು ಬಟ್ಟೆಯಲ್ಲಿ ಸುತ್ತಿ ಗಾಜಿನ ಬಾಗಿಲಿನ ಕಪಾಟಿನೊಳಗೆ ಇಟ್ಟೆವು. ಎಸೆಯಲು ಮನಸ್ಸಾಗಲಿಲ್ಲ, ಎಸೆಯುವ ಅಗತ್ಯವೂ ಇರಲಿಲ್ಲ.

ಸೀರಿಯಲ್ ಲೈಟಿನ ಸರವನ್ನು ಬಿಚ್ಚಿ ನೋಡಿದಾಗ ಕೂದಲಿನಷ್ಟು ತೆಳುವಾದ ತಂತಿಗಳನ್ನು ಹೊಸೆದು, ಮೇಲೊಂದು ಸಡಿಲವಾದ ಪ್ಲಾಸ್ಟಿಕ್ ಕೊಳವೆಯನ್ನು ತೂರಿಸಿದ್ದು ಬಿಟ್ಟರೆ ಜೋಡಣೆಗಳಿಗೆ ಬೇರೆ ರಕ್ಷಣೆಯೇ ಇರಲಿಲ್ಲ. 230 ವೋಲ್ಟಿನ ಆ ಸರವನ್ನು ಒಂದು ಹಲ್ಲು ಮೂಡಿದ ಮಗುವಿರುವ ಮನೆಯಲ್ಲಿ ನೆಲಕ್ಕೆ ತರುವ ಪ್ರಶ್ನೆಯೇ ಇಲ್ಲ. ಅದರ ಬದಲಿಗೆ ಅಂಗಡಿಯಲ್ಲಿ ದೊರೆಯುವ, ಗುಂಡಿಯಾಕಾರದ ಬ್ಯಾಟರಿಯಿಂದ ಉರಿಯುವ ಚಿಕ್ಕ ದೀಪಗಳನ್ನೂ ಬೇಡವೆಂದೆ. ಸುಮಾರು 20 ಮಿ.ಮೀ. ವ್ಯಾಸದ ಲಿಥಿಯಂ ಗುಂಡಿ ಬ್ಯಾಟರಿ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅಲ್ಲಿನ ಅಂಗಾಂಶವನ್ನು ಸುಟ್ಟುಬಿಡಬಲ್ಲದು. ಆಟಿಕೆ ಕಟ್ಟುವವರು ತಿಳಿದಿರಲೇಬೇಕಾದ ಸಂಗತಿಗಳಲ್ಲಿ ಇದನ್ನು ನಾನು ಮೊದಲಿಗೆ ಇಡುತ್ತೇನೆ.

ಅಳತೆಯ ಗುಳಿ

ಮರ ಕೊಯ್ಯುವುದಕ್ಕೆ ಮೊದಲು ಮಾಡಿಕೊಂಡ ಸಾಧನ ಇದು. ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು 2021ರ ಜನವರಿಯಿಂದ ಕಡ್ಡಾಯವಾಗಿದೆ. ಅದಕ್ಕೆ ಆಧಾರವಾದ ಐಎಸ್ 9873 ಎಂಬ ಮಾನಕದಲ್ಲಿ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಾಗಿ ಒಂದು ಕೊಳವೆಯ ಪರೀಕ್ಷೆಯಿದೆ. ಒಳವ್ಯಾಸ 31.7 ಮಿ.ಮೀ., ಆಳ ಒಂದು ಬದಿಯಲ್ಲಿ 25.4 ಮಿ.ಮೀ., ಎದುರು ಬದಿಯಲ್ಲಿ 57.1 ಮಿ.ಮೀ., ನಡುವೆ ಇಳಿಜಾರು. ಯಾವುದೇ ವಸ್ತು, ಹೇಗೆ ತಿರುಗಿಸಿ ಹಾಕಿದರೂ, ಒತ್ತದೆಯೇ ಪೂರ್ತಿಯಾಗಿ ಆ ಕೊಳವೆಯೊಳಗೆ ಇಳಿದರೆ ಅದು ಮಗುವಿನ ಗಂಟಲಿಗೆ ಅಡ್ಡವಾಗಬಲ್ಲ ವಸ್ತು ಎಂದು ಲೆಕ್ಕ.

ನಾನು ಒಂದು ದಪ್ಪ ಮರದ ತುಂಡಿನಲ್ಲಿ 32 ಮಿ.ಮೀ. ಚಪ್ಪಟೆ ಡ್ರಿಲ್ ಬಿಟ್ಟಿನಿಂದ 57 ಮಿ.ಮೀ. ಆಳದ ಗುಳಿ ಕೊರೆದು, ಅದರೊಳಗೆ ಓರೆಯಾಗಿ ಕೊಯ್ದ ಮರದ ಬಿಲ್ಲೆಯೊಂದನ್ನು ಅಂಟಿಸಿ ಇಳಿಜಾರನ್ನು ಮಾಡಿದೆ. 0.3 ಮಿ.ಮೀ. ಹೆಚ್ಚಿನ ವ್ಯಾಸ ಇಲ್ಲಿ ದೋಷವಾಗುವುದಿಲ್ಲ. ಗುಳಿ ದೊಡ್ಡದಾದಷ್ಟೂ ಪರೀಕ್ಷೆ ಕಠಿಣವಾಗುತ್ತದೆ. ಈ ತುಂಡು ಕೆಲಸದ ಮೇಜಿನ ಮೇಲೆ ಕೊನೆಯವರೆಗೂ ಇತ್ತು, ಮತ್ತು ವಿನ್ಯಾಸದ ಎರಡು ಮುಖ್ಯ ತೀರ್ಮಾನಗಳನ್ನು ನನಗಿಂತ ಹೆಚ್ಚಾಗಿ ಅದೇ ಮಾಡಿತು.

ಮೊದಲನೆಯದು ಮಾಡಿನ ವಿಷಯ. ಬೈಹುಲ್ಲಿನ ಧೂಳು ಮತ್ತು ಮೊನೆ ಬೇಡವೆಂದಾದ ಮೇಲೆ ಹಂಚಿನ ಮಾಡೇ ಸರಿ ಎಂದುಕೊಂಡಿದ್ದೆ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಈ ಊರಿನ ಹೆಸರೇ ಹಂಚಿಗೆ ಅಂಟಿಕೊಂಡಿರುವಾಗ, ಮಂಗಳೂರಿನಲ್ಲಿ ಹುಟ್ಟುವ ಬಾಲ ಯೇಸುವಿಗೆ ಹಂಚಿನ ಹಟ್ಟಿ (ದನದ ಕೊಟ್ಟಿಗೆ) ಇರುವುದರಲ್ಲಿ ತಪ್ಪೇನೂ ಇಲ್ಲ. ನಿಜವಾದ ಹಂಚು ಸುಮಾರು 410 ಮಿ.ಮೀ. ಉದ್ದ, 235 ಮಿ.ಮೀ. ಅಗಲ. ಹತ್ತನೇ ಒಂದರ ಪ್ರಮಾಣಕ್ಕೆ ಇಳಿಸಿದರೆ 41 ಮಿ.ಮೀ. ಉದ್ದದ, 23.5 ಮಿ.ಮೀ. ಅಗಲದ ಚಿಕ್ಕ ಮರದ ಬಿಲ್ಲೆಯಾಗುತ್ತದೆ. ನೋಡಲು ಬಹಳ ಚೆಂದ. ಆದರೆ ಮಾದರಿಗೆಂದು ಕೊಯ್ದ ಬಿಲ್ಲೆ ಗುಳಿಯೊಳಗೆ ನೆಟ್ಟಗೆ ಇಳಿದು ಅಂಚಿನಿಂದ ಕೆಳಗೇ ಕುಳಿತಿತು. ಅಂಟು ಎಷ್ಟೇ ಗಟ್ಟಿಯಾಗಿರಲಿ, ಜೊಲ್ಲಿನಲ್ಲಿ ನೆನೆದ ಮರದ ಬಿಲ್ಲೆ ಒಂದಲ್ಲ ಒಂದು ದಿನ ಕಿತ್ತು ಬರುತ್ತದೆ ಎಂದೇ ಭಾವಿಸಬೇಕು. ಬಿಡಿ ಹಂಚಿನ ಯೋಚನೆಯನ್ನು ಅಲ್ಲಿಗೆ ಕೈಬಿಟ್ಟು, ಇಡೀ ಮಾಡನ್ನು ಒಂದೊಂದೇ ಹಲಗೆಯಲ್ಲಿ ಮಾಡಿ ಅದರ ಮೇಲೆ ಹಂಚಿನ ಸಾಲುಗಳನ್ನು ಕೆತ್ತುವುದೆಂದು ನಿರ್ಧರಿಸಿದೆ.

ಎರಡನೆಯದು ಬಾಲ ಯೇಸುವಿನ ಗಾತ್ರ. ಗೋದಲಿಯ ಎಲ್ಲ ಗೊಂಬೆಗಳಲ್ಲಿ ಅತ್ಯಂತ ಚಿಕ್ಕದು, ಆದರೆ ಮಗುವಿನ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ನಮ್ಮ ಹಳೆಯ ಸೆಟ್ಟಿನ ಬಾಲ ಯೇಸು ಹೆಬ್ಬೆರಳಿನಷ್ಟಿದ್ದ. ಗುಂಡು ತಲೆ, ಸಪುರ ಕುತ್ತಿಗೆ, ನೇರವಾದ ದೇಹ ಇರುವ, 64 ಮಿ.ಮೀ.ಗಿಂತ ಗಿಡ್ಡವಾದ ಗೊಂಬೆಗಳ ತಲೆ ಗಂಟಲಿನಲ್ಲಿ ಬಿರಡೆಯಂತೆ ಕೂರುತ್ತದೆ ಎಂಬ ಕಾರಣಕ್ಕೆ ಆಟಿಕೆ ಮಾನಕಗಳು ಅಂಥ ಗೊಂಬೆಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತವೆ. ಹೀಗಾಗಿ ನಮ್ಮ ಹೊಸ ಬಾಲ ಯೇಸು 85 ಮಿ.ಮೀ. ಉದ್ದ, 42 ಮಿ.ಮೀ. ಅಗಲ, 38 ಮಿ.ಮೀ. ದಪ್ಪದ, ಬಟ್ಟೆಯಲ್ಲಿ ಸುತ್ತಿದ ಶಿಶುವಿನ ಆಕಾರದ ಒಂದೇ ಮರದ ತುಂಡಾದ. ಮಾತೆ ಮರಿಯಮ್ಮನ ಎತ್ತರ 150 ಮಿ.ಮೀ. ಇರುವುದರಿಂದ ಕೂಸು ತಾಯಿಯ ಅರ್ಧಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಬ್ಬಕ್ಕೆ ಬಂದ ಚಿಕ್ಕಪ್ಪ "ಇದು ಹುಟ್ಟುವಾಗಲೇ ಹತ್ತು ತಿಂಗಳಿನದ್ದಾ ಮಾರಾಯ?" ಎಂದು ಕೇಳಿದರು. ನಮ್ಮ ಮನೆಯ ಮಟ್ಟಿಗೆ ಆ ಲೆಕ್ಕವೂ ಸರಿಯೇ.

ಮರದ ಆಯ್ಕೆ

ಅಜ್ಜನ ಮನೆ ಕೆಡವಿದಾಗ ಉಳಿಸಿಕೊಂಡಿದ್ದ ಹಲಸಿನ ಪಕ್ಕಾಸುಗಳು (ಮಾಡನ್ನು ಹೊರುವ ಮರದ ಪಟ್ಟಿಗಳು) ಹಿತ್ತಿಲ ಶೆಡ್ಡಿನಲ್ಲಿ ಬಿದ್ದಿದ್ದವು. ಚೆನ್ನಾಗಿ ಹದಗೊಂಡ, ಜೇನು ಬಣ್ಣಕ್ಕೆ ತಿರುಗಿದ ಮರ. ಮೊಮ್ಮಗಳಿಗೆ ಅಜ್ಜನ ಮನೆಯ ಮರದಲ್ಲೇ ಹಟ್ಟಿ ಕಟ್ಟಬೇಕು ಎಂಬುದು ನನ್ನ ಅಮ್ಮನ ಆಸೆಯಾಗಿತ್ತು. ಆದರೆ ಕರಾವಳಿಯ ಹಳೆಯ ಮನೆಗಳ ಮಾಡಿನ ಮರಕ್ಕೆ ಗೆದ್ದಲು ಹಿಡಿಯದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ರೂಢಿಯಿತ್ತು. ಆ ಎಣ್ಣೆ ಚರ್ಮಕ್ಕೆ ತಗುಲಿದರೆ ಗುಳ್ಳೆ ಏಳುತ್ತದೆ ಎಂಬುದು ಗೇರು ಹುರಿಯುವ ಊರಿನ ಜನಕ್ಕೆ ಹೊಸ ವಿಷಯವೇನಲ್ಲ. ಮೇಲ್ಮೈಯನ್ನು ಹತ್ತರಿ ಹೊಡೆದು ತೆಗೆದರೂ ಬಿರುಕುಗಳೊಳಗೆ, ಮೊಳೆಯ ತೂತುಗಳೊಳಗೆ ಎಷ್ಟು ಇಳಿದಿದೆ ಎಂದು ಕಣ್ಣಿನಿಂದ ಹೇಳುವುದು ಸಾಧ್ಯವಿಲ್ಲ. ಅಮ್ಮನ ಆಸೆಯನ್ನು ಪೂರ್ತಿ ತಳ್ಳಿಹಾಕದೆ ಒಂದು ಪಕ್ಕಾಸಿನ ತಿರುಳಿನಿಂದ 60 ಸೆಂ.ಮೀ. ಉದ್ದದ ಪಟ್ಟಿಯನ್ನು ತೆಗೆದು, ಗೋದಲಿಯ ಹಿಂದೆ ಗೋಡೆಗೆ ಹೊಡೆಯುವ ಆಧಾರಕ್ಕೆ ಬಳಸಿದೆ. ಹಿಂದಿನ ಹಲಗೆ ಅದನ್ನು ಪೂರ್ತಿಯಾಗಿ ಮುಚ್ಚುವುದರಿಂದ ಅಲ್ಲಿಗೆ ಮಗುವಿನ ಕೈ ಹೋಗುವುದಿಲ್ಲ.

ಉಳಿದದ್ದಕ್ಕೆಲ್ಲ ಸಾಮಿಲ್ಲಿನಿಂದ ಹೊಸ ಹಲಸು ಮತ್ತು ಮಾವಿನ ತುಂಡುಗಳನ್ನು ತಂದೆ. ಹೊನ್ನೆಯ ತುಂಡೂ ಚೆನ್ನಾಗಿತ್ತು, ಆದರೆ ಹೊನ್ನೆ ನೀರು ತಗುಲಿದರೆ ಬಣ್ಣ ಬಿಡುತ್ತದೆ. ಅದರ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವವರಿಗೆ ಅದು ಗುಣವಾಗಿರಬಹುದು, ಸದಾ ಜೊಲ್ಲು ಸುರಿಸುವ ಮಗುವಿನ ಆಟಿಕೆಗೆ ಅದು ಬೇಡ. ತಂದ ಮರ ಒಣಗಿದೆಯೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿಯೇ ಸಾಕಾಯಿತು. ಪ್ರತಿ ತುಂಡಿನ ಮೇಲೆ ಅದರ ತೂಕವನ್ನು ಪೆನ್ಸಿಲಿನಿಂದ ಬರೆದು, ಗಾಳಿಯಾಡುವ ಅಟ್ಟದ ಮೇಲಿಟ್ಟು, ಆಗಾಗ ತೂಗಿ ನೋಡಿ, ಇಳಿಯುವುದು ನಿಂತ ಮೇಲೆ ಗರಗಸ ಹಿಡಿದೆ. ಹಸಿಮರದಲ್ಲಿ ಮಾಡಿದ ಜೋಡಣೆ ಫೆಬ್ರವರಿಯ ಒಣ ಗಾಳಿಗೆ ಬಾಯಿ ಬಿಡುವುದು ಖಚಿತ.

ಹಟ್ಟಿ ಮತ್ತು ಮಾಡು

ಹಟ್ಟಿಯ ತಳ 60 ಸೆಂ.ಮೀ. ಉದ್ದ, 40 ಸೆಂ.ಮೀ. ಆಳ, ಮಾಡಿನ ಬೆನ್ನು, ಅಂದರೆ ಎರಡು ಇಳಿಜಾರು ಕೂಡುವ ಮೇಲಂಚು, ನೆಲದಿಂದ 35 ಸೆಂ.ಮೀ. ಎತ್ತರ. ಹಲಗೆಗಳು 18 ಮಿ.ಮೀ. ದಪ್ಪ. ಮೂಲೆಗಳಲ್ಲಿ ಎರಡೂ ಮರಗಳಿಗೆ ಅರ್ಧರ್ಧ ಕಚ್ಚು ತೆಗೆದು, ಫೆವಿಕಾಲ್ ಹಚ್ಚಿ ಕೂರಿಸಿ, ಬಿದಿರಿನ ಮೊಳೆ ಹೊಡೆದೆ. ಕಬ್ಬಿಣದ ಮೊಳೆಯನ್ನು ಮಗುವಿಗೆ ಕಾಣುವ ಯಾವ ಭಾಗದಲ್ಲಿಯೂ ಬಳಸಿಲ್ಲ. ಎಲ್ಲ ಹೊರಮೂಲೆಗಳಿಗೆ ಒಂದು ರೂಪಾಯಿ ನಾಣ್ಯವನ್ನಿಟ್ಟು ಗೆರೆ ಎಳೆದು ಅದೇ ವಕ್ರಕ್ಕೆ ಅರದಿಂದ ಉಜ್ಜಿದೆ. ಅಂಚುಗಳನ್ನು 80, 120, 180, 240 ನಂಬರಿನ ಉಪ್ಪುಕಾಗದದಿಂದ ಕ್ರಮವಾಗಿ ತಿಕ್ಕಿ, ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ನಾರು ಎದ್ದ ಮೇಲೆ 240ರಿಂದ ಮತ್ತೆ ತಿಕ್ಕಿದೆ. ಈ ಒದ್ದೆ ಬಟ್ಟೆಯ ಹಂತವನ್ನು ಬಿಟ್ಟರೆ ಮೊದಲ ದಿನವೇ ಜೊಲ್ಲಿಗೆ ಮರ ಮುಳ್ಳುಮುಳ್ಳಾಗುತ್ತದೆ.

ಮಾಡಿನ ಎರಡು ಹಲಗೆಗಳ ಮೇಲೆ ಹಂಚಿನ ಸಾಲುಗಳನ್ನು ಕೆತ್ತಿದ್ದು ಇಡೀ ಕೆಲಸದಲ್ಲಿ ಅತ್ಯಂತ ನಿಧಾನದ, ಅತ್ಯಂತ ಸಂತೋಷದ ಭಾಗ. ಹಂಚಿನ ಮೇಲೆ ಹಂಚು ಕೂತಾಗ ಹೊರಗೆ ಕಾಣುವ ಭಾಗ ನಿಜವಾದ ಮಾಡಿನಲ್ಲಿ ಸುಮಾರು 320 ಮಿ.ಮೀ. ಉದ್ದ, 200 ಮಿ.ಮೀ. ಅಗಲ ಇರುತ್ತದೆ, ಇಲ್ಲಿ 32 ಮತ್ತು 20 ಮಿ.ಮೀ. ಅಡ್ಡಗೆರೆಗಳನ್ನು ಸಣ್ಣ ಹಲ್ಲಿನ ಗರಗಸದಿಂದ 3 ಮಿ.ಮೀ. ಆಳಕ್ಕೆ ಕೊಯ್ದು, ಪ್ರತಿ ಗೆರೆಯ ಮೇಲ್ಭಾಗದಿಂದ ಅಗಲ ಉಳಿಯಿಂದ ಇಳಿಜಾರಾಗಿ ಕೆತ್ತಿದರೆ ಸಾಲಿನ ಮೇಲೆ ಸಾಲು ಹೊದಿಸಿದಂತೆ ಕಾಣುತ್ತದೆ. ಉದ್ದಗೆರೆಗಳನ್ನು ಮೂರು ಮೂಲೆಯ ಅರದಿಂದ ಎಳೆದೆ. ಹಲಸಿನ ನಾರು ಕೆಲವೆಡೆ ಅಡ್ಡತಿಡ್ಡವಾಗಿ ಓಡುವುದರಿಂದ ಉಳಿಯನ್ನು ಗಳಿಗೆಗೊಮ್ಮೆ ಮಸೆಯಬೇಕಾಗುತ್ತದೆ. ಮೊಂಡಾದ ಉಳಿ ಒಂದೇ ಹೊಡೆತಕ್ಕೆ ಎರಡು ಹಂಚನ್ನು ಕಿತ್ತುಕೊಂಡು ಹೋಗುತ್ತದೆ. ಮಗು ಮಲಗಿದ ಮೇಲೆ ಕೆಲಸ ಮಾಡಬೇಕಾದ್ದರಿಂದ ಕೊಡತಿಯ ಬದಲಿಗೆ ಕೈಯ ಒತ್ತಡದಲ್ಲಿಯೇ ಹೆಚ್ಚಿನದನ್ನು ಕೆತ್ತಿದೆ.

ಮುಗಿದ ಹಟ್ಟಿ ಸುಮಾರು 9 ಕೆ.ಜಿ. ತೂಗಿತು. ಭಾರವಾಗಿದೆ, ಬೀಳುವುದಿಲ್ಲ ಎಂದು ನಂಬಿ ಕೂರಬಾರದು. ತಳದ ಆಳದ ಅರ್ಧ 20 ಸೆಂ.ಮೀ., ಬೆನ್ನಿನ ಎತ್ತರ 35 ಸೆಂ.ಮೀ.; ಬೆನ್ನನ್ನು ಹಿಡಿದು ಅಡ್ಡಕ್ಕೆ ಎಳೆದರೆ ಸುಮಾರು 5 ಕೆ.ಜಿ. ಬಲಕ್ಕೆ ಇದು ಮಗುಚುತ್ತದೆ. ನನ್ನ ಮಗಳ ತೂಕ 8 ಕೆ.ಜಿ., ಮತ್ತು ಅವಳು ಎದ್ದು ನಿಲ್ಲಲು ಹಿಡಿಯುವುದು ಬೆನ್ನನ್ನೇ. ಆದ್ದರಿಂದ ಗೋಡೆಯಲ್ಲಿ ಪ್ಲಾಸ್ಟಿಕ್ ಗೂಟ ಹಾಕಿ ಪಕ್ಕಾಸಿನ ಪಟ್ಟಿಯನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದು, ಹಟ್ಟಿಯ ಹಿಂಬದಿಯ ಹಲಗೆಯನ್ನು ಒಳಗಿನಿಂದ ಆ ಪಟ್ಟಿಗೆ ಕೂಡಿಸಿ, ಸ್ಕ್ರೂ ತಲೆಗಳ ಮೇಲೆ ಮರದ ಬಿರಡೆ ಬಡಿದೆ. ಬಳಿಕ ಸ್ಪ್ರಿಂಗ್ ತಕ್ಕಡಿಯನ್ನು ಬೆನ್ನಿಗೆ ಸಿಕ್ಕಿಸಿ 20 ಕೆ.ಜಿ. ತೋರಿಸುವವರೆಗೆ ಎಳೆದು ನೋಡಿದೆ. ಅಲುಗಲಿಲ್ಲ.

ಗೊಂಬೆಗಳು ಮತ್ತು ಮೇಣ

ಮರಿಯಮ್ಮ, ಸಂತ ಜೋಸೆಫ್, ಎತ್ತು, ಕತ್ತೆ, ಕುರುಬ, ಎರಡು ಕುರಿ, ಬಾಲ ಯೇಸುವನ್ನು ಕಾಣಲು ಮೂಡಣದಿಂದ ಬಂದ ಮೂವರು ರಾಯರು. ಎಲ್ಲವೂ 38 ಮಿ.ಮೀ. ದಪ್ಪದ ಹಲಗೆಯಿಂದ ಜಿಗ್‌ಸಾದಲ್ಲಿ ಕೊಯ್ದವು. ಮನುಷ್ಯರು ಹಲಸು, ಪ್ರಾಣಿಗಳು ಮಾವು. ಮುಖ, ಕಣ್ಣು, ಗಡ್ಡ ಏನನ್ನೂ ಬರೆಯಲಿಲ್ಲ. ಮರದ ಬಣ್ಣ ಮತ್ತು ಆಕಾರದಿಂದಲೇ ಯಾರು ಯಾರೆಂದು ಗೊತ್ತಾಗುತ್ತದೆ, ಗೊತ್ತಾಗದವರಿಗೆ ಹೇಳಲು ಮನೆಯಲ್ಲಿ ಅಮ್ಮ ಇದ್ದಾರೆ. ಚೂಪಾದ ಕೋಡು, ಕೋಲು, ಕಿರೀಟದ ಮೊನೆ ಯಾವುದೂ ಇಲ್ಲ. ಎತ್ತಿನ ಕೋಡು ಎರಡು ದುಂಡು ಉಬ್ಬುಗಳಷ್ಟೆ.

ಮೆರುಗಿಗೆ ಏನು ಬಳಸಬೇಕೆಂಬುದರಲ್ಲಿ ಸಾಕಷ್ಟು ಸಮಯ ಹೋಯಿತು. ಅಂಗಡಿಯಲ್ಲಿ ಸಿಗುವ ಬೇಯಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್‌ಗಳಂಥ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಅಲ್ಲದೆ ಆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರದ ಆಟಿಕೆಗಳಿಗೆ ತಿರುಗುವ ಯಂತ್ರದ ಮೇಲೆಯೇ ಅರಗನ್ನು ಒತ್ತಿ, ಉಜ್ಜಾಟದ ಬಿಸಿಗೆ ಅದು ಕರಗಿ ಹರಡುವಂತೆ ಮಾಡುತ್ತಾರೆ. ಅದಕ್ಕಿಂತ ಒಳ್ಳೆಯ ಮೆರುಗು ಮಕ್ಕಳ ಆಟಿಕೆಗೆ ಇಲ್ಲವೆಂಬುದು ನನ್ನ ಅಭಿಪ್ರಾಯ, ಆದರೆ ಜಿಗ್‌ಸಾದಲ್ಲಿ ಕೊಯ್ದ ಚಪ್ಪಟೆ ಗೊಂಬೆಗೆ ಆ ವಿಧಾನ ಹೊಂದುವುದಿಲ್ಲ. ಕೊನೆಗೆ ಪುತ್ತೂರು ಕಡೆಯಿಂದ ತರಿಸಿದ ಜೇನುಮೇಣವನ್ನು ಒಂದು ಪಾಲಿಗೆ ಮೂರು ಪಾಲು ತೆಂಗಿನೆಣ್ಣೆಯ ಲೆಕ್ಕದಲ್ಲಿ ಬೆರೆಸಿದೆ. ಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಅದನ್ನು ನೇರ ಬೆಂಕಿಗೆ ಇಡದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಕರಗಿಸಬೇಕು. ಇದು ಕಿಡ್ಯೊ, ನೆವ್ರಿಯಂಥ ಕ್ರಿಸ್‌ಮಸ್ ಸಿಹಿತಿಂಡಿಗಳ, ಅಂದರೆ ಕುಸ್ವಾರಿನ, ವಾರವಾಗಿತ್ತು. ಒಲೆಯ ಮುಂದೆ ನನಗೆ ಜಾಗವಿರಲಿಲ್ಲ. "ಆ ಪಾತ್ರೆಯಲ್ಲಿ ಕಿಡ್ಯೊಗೆ ಪಾಕ ಮಾಡಲಿಕ್ಕುಂಟು, ನಿನ್ನ ಮೇಣಕ್ಕೆ ಬೇರೆ ಡಬ್ಬ ಹುಡುಕಿಕೋ" ಎಂದು ಅಮ್ಮ ಹೇಳಿದ್ದರಿಂದ ಹಳೆಯ ಹಾಲಿನ ಪುಡಿಯ ಡಬ್ಬವೊಂದು ಈ ಕೆಲಸಕ್ಕೆ ಬಂತು. ಬಿಸಿ ಮೇಣವನ್ನು ಬಟ್ಟೆಯಿಂದ ಹಚ್ಚಿ, ಒಂದು ರಾತ್ರಿ ಬಿಟ್ಟು, ಒಣಬಟ್ಟೆಯಿಂದ ಜೋರಾಗಿ ಉಜ್ಜಿ, ಇದನ್ನೇ ಇನ್ನೊಮ್ಮೆ ಮಾಡಬೇಕು. ತೆಂಗಿನೆಣ್ಣೆ ಒಣಗುವ ಎಣ್ಣೆಯಲ್ಲ. ಆದ್ದರಿಂದ ಈ ಮೆರುಗು ಶಾಶ್ವತವಲ್ಲ, ಆಗಾಗ ಹಚ್ಚುತ್ತಿರಬೇಕಾಗುತ್ತದೆ.

ಬೆಳಕು, ನಕ್ಷತ್ರ, ಹಸಿರು

ಬೆಳಕಿಗೆ ಹಳೆಯ ಮೊಬೈಲ್ ಚಾರ್ಜರಿನ 5 ವೋಲ್ಟನ್ನು ಬಳಸಿದೆ. ಹಳದಿ ಛಾಯೆಯ 5 ಮಿ.ಮೀ. ಎಲ್‌ಇಡಿ ಹತ್ತು, ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ 150 ಓಮ್ ರೆಸಿಸ್ಟರ್. ಎಲ್‌ಇಡಿ ಸುಮಾರು 3.1 ವೋಲ್ಟ್ ತೆಗೆದುಕೊಂಡರೆ ಉಳಿದ 1.9 ವೋಲ್ಟಿಗೆ ಒಂದೊಂದರಲ್ಲಿ 13 ಮಿಲಿ ಆಂಪಿಯರಿಗಿಂತ ತುಸು ಕಡಿಮೆ ಹರಿಯುತ್ತದೆ. ಹತ್ತೂ ಸೇರಿ 0.13 ಆಂಪಿಯರ್, ಅಂದರೆ ಒಂದು ವಾಟ್ ಕೂಡ ಇಲ್ಲ, ರಾತ್ರಿಯಿಡೀ ಉರಿದರೂ ಬಿಸಿಯಾಗುವುದಿಲ್ಲ. ಮಾಡಿನ ಬೆನ್ನಿನ ಒಳಬದಿಯಲ್ಲಿ ಕಾಲುವೆ ಕೊರೆದು ದೀಪಗಳನ್ನು ಮಲಗಿಸಿ, ಮೇಲೆ ಹಾಲುಬಣ್ಣದ ಅಕ್ರಿಲಿಕ್ ಪಟ್ಟಿಯನ್ನು ಸ್ಕ್ರೂ ಹಾಕಿ ಮುಚ್ಚಿದೆ. ತಂತಿ ಹಿಂಬದಿಯ ಹಲಗೆಯ ಹಿಂದಿನಿಂದ ಹೊರಟು, ಗೋಡೆಗೆ ಹೊಡೆದ ಕೇಸಿಂಗ್ ಕ್ಯಾಪಿಂಗ್ (ತಂತಿಯನ್ನು ಮುಚ್ಚುವ ಪಟ್ಟಿ) ಒಳಗೆ ಏರಿ, ದೊಡ್ಡವರ ಎತ್ತರದ ಹಲಗೆಯ ಮೇಲಿರುವ ಚಾರ್ಜರನ್ನು ಸೇರುತ್ತದೆ. ನೆಲದ ಹತ್ತಿರ ಒಂದು ಅಂಗುಲ ತಂತಿಯೂ ಬಿಡಿಯಾಗಿ ಕಾಣುವುದಿಲ್ಲ.

ಜಗಲಿಯ ನಕ್ಷತ್ರವನ್ನು ಪ್ರತಿ ವರ್ಷದಂತೆ ಬಿದಿರಿನ ಸೀಳಿನಲ್ಲಿಯೇ ಕಟ್ಟಿದೆ. 90 ಸೆಂ.ಮೀ. ಉದ್ದದ ಹತ್ತು ಸೀಳುಗಳಿಂದ ಐದು ಮೂಲೆಯ ಎರಡು ಚೌಕಟ್ಟು. ಸೀಳುಗಳು ಒಂದನ್ನೊಂದು ದಾಟುವ ಜಾಗ ಎರಡೂ ತುದಿಯಿಂದ 34.4 ಸೆಂ.ಮೀ. ದೂರದಲ್ಲಿರಬೇಕು, ಆಗ ನಡುವೆ 21.2 ಸೆಂ.ಮೀ. ಉಳಿಯುತ್ತದೆ. ಈ ಗುರುತನ್ನು ಮೊದಲೇ ಹಾಕಿಕೊಂಡರೆ ನಕ್ಷತ್ರ ಸೊಟ್ಟಗಾಗುವುದಿಲ್ಲ. ಎರಡು ಚೌಕಟ್ಟುಗಳ ತುದಿಗಳನ್ನು ಸೇರಿಸಿ ಕಟ್ಟಿ, ಒಳಗಿನ ಐದು ಸಂದುಗಳಲ್ಲಿ 15 ಸೆಂ.ಮೀ. ಕಡ್ಡಿಗಳನ್ನು ನಿಲ್ಲಿಸಿದರೆ ಅದು ಉಬ್ಬಿ ನಿಲ್ಲುತ್ತದೆ. ಬದಲಾದದ್ದು ಅಂಟು ಮಾತ್ರ. ಮೈದಾ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತು ಹಾಕುವುದು ಹಳೆಯ ಅಭ್ಯಾಸ, ಆದರೆ ಅದು ವಿಷ. ಮೂರು ನಾಲ್ಕು ವಾರ ಬಾಳುವ ಕಾಗದಕ್ಕೆ ಅದರ ಅಗತ್ಯವೇ ಇಲ್ಲ.

ಗೋದಲಿಯ ಸುತ್ತಲಿನ ಗದ್ದೆಗೆಂದು ನಾವು ಮಣ್ಣಿನ ತಟ್ಟೆಯಲ್ಲಿ ಭತ್ತ ಮೊಳೆಯಿಸುತ್ತಿದ್ದೆವು. ಈ ಬಾರಿ ಮಣ್ಣನ್ನು ಬಿಟ್ಟು, ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಮಡಿಕೆಯ ಒದ್ದೆ ಹತ್ತಿ ಬಟ್ಟೆ ಹಾಸಿ, ನೆನೆಸಿದ ಗೋಧಿಯನ್ನು ಡಿಸೆಂಬರ್ 12ರ ಸುಮಾರಿಗೆ ಹರಡಿದೆ. ಮೊಳಕೆ ಬರುವವರೆಗೆ ಮುಚ್ಚಿಟ್ಟು, ಬಳಿಕ ಬೆಳಕಿಗೆ ಇಟ್ಟು, ದಿನವೂ ನೀರು ಬದಲಿಸಿದರೆ ಬೂಷ್ಟು ಹಿಡಿಯುವುದಿಲ್ಲ. 24ಕ್ಕೆ ಗೇಣುದ್ದದ ಹಸಿರು ಸಿದ್ಧವಾಗಿತ್ತು. ಗೋಧಿಕಾಳು ಗುಳಿಯ ಪರೀಕ್ಷೆಯಲ್ಲಿ ಸೋಲುವುದರಿಂದ ತಟ್ಟೆಯನ್ನು ಮಾತ್ರ ಚಾರ್ಜರಿನ ಹಲಗೆಯ ಮೇಲೆಯೇ ಇಟ್ಟೆವು. ನೆಲಕ್ಕೆ ತರಲು ಒಪ್ಪದ ಒಂದೇ ವಸ್ತು ಅದು.

ತಳದ ಬರಹ

ಯಾರಿಗಾಗಿ ಮಾಡಿದ್ದು ಎಂಬುದನ್ನು ಮರದ ಸಾಮಾನಿನ ಅಡಿಯಲ್ಲಿ ಕೆತ್ತುವ ರೂಢಿ ನಮ್ಮ ಮನೆಯಲ್ಲಿ ಅಜ್ಜನಿಂದ ಬಂದದ್ದು. ನನ್ನ ಚಿಕ್ಕಮ್ಮ ಒಂದು ಕಾಲದಲ್ಲಿ ಅನಾಥಾಲಯದಿಂದ ಮಗುವನ್ನು ತಂದು ಸಾಕಿದಾಗ ಅಜ್ಜ ಅದಕ್ಕೆ ಮಾಡಿಕೊಟ್ಟ ಮಣೆಯ ಅಡಿಯಲ್ಲಿ ಹೆಸರಷ್ಟೇ ಇದೆ, ಮನೆತನದ ಹೆಸರಿಲ್ಲ. ಆಗ ಕ್ರೈಸ್ತರಿಗೆ ದತ್ತು ಕಾನೂನೇ ಇರಲಿಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಮಗು ಪ್ರಾಯಕ್ಕೆ ಬರುವವರೆಗೆ ಪೋಷಕರಾಗಬಹುದಿತ್ತು, ಕಾನೂನಿನ ಕಣ್ಣಿನಲ್ಲಿ ತಂದೆತಾಯಿಯಾಗಲು ಆಗುತ್ತಿರಲಿಲ್ಲ. ಬಾಲನ್ಯಾಯ ಕಾಯ್ದೆ 2000ದಲ್ಲಿ ಬಂದು, 2006ರಲ್ಲಿ ತಿದ್ದುಪಡಿಯಾಗಿ, 2015ರಲ್ಲಿ ಹೊಸದಾಗಿ ರೂಪುಗೊಂಡ ಮೇಲೆ ಯಾವ ಧರ್ಮದವರೂ ಪೂರ್ಣ ದತ್ತು ಪಡೆಯಬಹುದಾಯಿತು. ಆದೇಶ ನೀಡುವ ಅಧಿಕಾರ 2022ರ ಸೆಪ್ಟೆಂಬರಿನಿಂದ ನ್ಯಾಯಾಲಯದ ಬದಲು ಜಿಲ್ಲಾ ದಂಡಾಧಿಕಾರಿಗಳಿಗೆ ಬಂದಿದೆ. ನಮ್ಮ ಆದೇಶ ಕೈಸೇರಿದ್ದು 2024ರ ನವೆಂಬರಿನಲ್ಲಿ. ತಳದ ಹಲಗೆಯನ್ನು ಜೋಡಿಸದೆ ಬದಿಗಿಟ್ಟಿದ್ದುದಕ್ಕೆ ಅದೇ ಕಾರಣ. 6 ಮಿ.ಮೀ. ಉಳಿಯಿಂದ 12 ಮಿ.ಮೀ. ಎತ್ತರದ ಅಕ್ಷರಗಳಲ್ಲಿ ಹೆಸರು, ಮನೆತನದ ಹೆಸರು, 2024 ಎಂದು ಕೆತ್ತಿದ ಬಳಿಕವೇ ಹಲಗೆಗೆ ಅಂಟು ಹಚ್ಚಿದೆ.

ಬಳಕೆಯ ವರದಿ

ಅಸ್ಸೀಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಹುಲ್ಲು ತುಂಬಿದ ಗೋದಲಿ, ಜೀವಂತ ಎತ್ತು, ಕತ್ತೆಗಳೊಂದಿಗೆ ಕ್ರಿಸ್ತಜಯಂತಿಯನ್ನು ಆಚರಿಸಿದ್ದೇ ಈ ಪದ್ಧತಿಯ ಮೂಲವೆಂದು ಹೇಳುತ್ತಾರೆ. ಡಿಸೆಂಬರ್ 24ರ ರಾತ್ರಿಯವರೆಗೆ ಗೋದಲಿಯನ್ನು ಖಾಲಿ ಬಿಡುವುದು ನಮ್ಮ ಮನೆಯ ಕ್ರಮ. ಮಗು ಇಲ್ಲದ ವರ್ಷಗಳಲ್ಲಿ ಬಾಲ ಯೇಸುವನ್ನು ಇಡುವ ಕೆಲಸವನ್ನು ನನ್ನ ಹೆಂಡತಿ ಯಾರಿಗೂ ಬಿಟ್ಟುಕೊಟ್ಟದ್ದಿಲ್ಲ, ಅದರ ಬಗ್ಗೆ ನಾವು ಮಾತಾಡಿದ್ದೂ ಇಲ್ಲ. ಈ ಬಾರಿ ಚರ್ಚಿನಲ್ಲಿ ಸಂಜೆಯ ಬಲಿಪೂಜೆ ಮುಗಿಸಿ ಬಂದ ಮೇಲೆ ಅವಳು ಗೊಂಬೆಯನ್ನು ಮಗಳ ಕೈಗೆ ಕೊಟ್ಟಳು. ಮಗಳು ಅದನ್ನು ಗೋದಲಿಯಲ್ಲಿ ಇಡಲಿಲ್ಲ. ತಲೆಯನ್ನು ಬಾಯಿಗೆ ಹಾಕಿಕೊಂಡು ಎತ್ತನ್ನು ಹಿಡಿಯಲು ಹೊರಟಳು. 85 ಮಿ.ಮೀ.ಯ ಲೆಕ್ಕ ಅಲ್ಲಿಯೇ ಪರೀಕ್ಷೆಗೆ ಒಳಗಾಯಿತು. ಹೆಂಡತಿ ನಕ್ಕು ಕಣ್ಣೊರೆಸಿಕೊಂಡಳು, ಅಮ್ಮ ಆ ಗೊಂಬೆಯನ್ನು ಬಿಡಿಸಿಕೊಳ್ಳಲು ಒಂದು ನೆವ್ರಿ ಕೊಡಹೊರಟರು, ನಾನು ತಡೆದೆ.

ಜನವರಿ 6ಕ್ಕೆ, ರಾಯರ ಹಬ್ಬದಂದು, ಗೋದಲಿಯನ್ನು ಕಳಚುವಾಗ ಕಂಡದ್ದಿಷ್ಟು. ಗೋಡೆಯ ಸ್ಕ್ರೂಗಳು ಸಡಿಲವಾಗಿಲ್ಲ. ಮಾಡಿನ ಬೆನ್ನಿನಲ್ಲಿ ಅವಳು ಹಿಡಿದು ನಿಲ್ಲುವ ಜಾಗದ ಮೇಣ ಪೂರ್ತಿ ಸವೆದಿದೆ, ಕೆತ್ತಿದ ಹಂಚುಗಳಲ್ಲಿ ಒಂದೂ ಸಿಬಿರೆದ್ದಿಲ್ಲ. ಹಲಸಿನ ಗೊಂಬೆಗಳ ಮೇಲೆ ಹಲ್ಲಿನ ಗುರುತು ಇಲ್ಲವೆನ್ನುವಷ್ಟು ಕಡಿಮೆ. ಮಾವಿನಲ್ಲಿ ಮಾಡಿದ ಕತ್ತೆಯ ಎಡಗಿವಿ ಚೆನ್ನಾಗಿ ಜಗಿಸಿಕೊಂಡು ನಾರುನಾರಾಗಿದೆ. ಮುಂದಿನ ವರ್ಷಕ್ಕೆ ಪ್ರಾಣಿಗಳನ್ನೂ ಹಲಸಿನಲ್ಲಿಯೇ ಮಾಡಬೇಕು.

ಎತ್ತಿಡುವಾಗ ನ್ಯಾಫ್ತಲೀನ್ ಗುಳಿಗೆ ಹಾಕಬಾರದು. ಕೆಲವು ಶಿಶುಗಳಲ್ಲಿ, ವಿಶೇಷವಾಗಿ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದರೆ, ಅದು ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ, ಮತ್ತು ಮರ ಅದರ ವಾಸನೆಯನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಒಣ ಬೇವಿನ ಎಲೆಯೊಂದಿಗೆ ಟ್ರಂಕಿಗೆ ಹಾಕಿದ್ದೇನೆ. ಕತ್ತೆ ಮಾತ್ರ ಟ್ರಂಕಿಗೆ ಹೋಗಿಲ್ಲ. ಅದರ ಕಿವಿಯನ್ನು 180ರ ಉಪ್ಪುಕಾಗದದಿಂದ ತಿಕ್ಕಿ ಮೇಣ ಹಚ್ಚಿ ಕೊಟ್ಟಾಗಿದೆ, ಈಗ ಬಲಗಿವಿಯ ಮೇಲೆ ಕೆಲಸ ನಡೆಯುತ್ತಿದೆ.